ಬೊಲೆರೊನಾ, ದೋಸ್ತಾ? ಪಿಕಪ್ ಮಾಲೀಕರ ಮುಗಿಯದ ವಾದ

ತರೀಕೆರೆ: ಅಡಿಕೆ ಕೊಯ್ಲು ಶುರುವಾದರೆ ಬಿ.ಎಚ್. ರಸ್ತೆಯಲ್ಲಿ ಪಿಕಪ್‌ಗಳದ್ದೇ ಓಡಾಟ. ಜೊತೆಗೆ ಟೀ ಅಂಗಡಿ ಮುಂದೆ ಹಳೇ ವಾದವೂ ಶುರು. ಘಾಟಿ ಹತ್ತೋಕೆ ಬೊಲೆರೊನೇ ಬೇಕು ಅನ್ನೋರು ಒಂದು ಕಡೆ, ಡೀಸೆಲ್ ಲೆಕ್ಕ ಹಾಕಿದ್ರೆ ದೋಸ್ತೇ ಸರಿ ಅನ್ನೋರು ಇನ್ನೊಂದು ಕಡೆ.

2005ರಲ್ಲಿ ಬಂದ ಟಾಟಾ ಏಸ್ ಎರಡೇ ಸಿಲಿಂಡರ್, ಮುಕ್ಕಾಲು ಟನ್ ಲೋಡಿನ ಗಾಡಿ. ಗೂಡ್ಸ್ ಆಟೊದವರನ್ನು ನಾಲ್ಕು ಚಕ್ರಕ್ಕೆ ಎಳೆದದ್ದು ಅದೇ. 2011ರಲ್ಲಿ ಅಶೋಕ್ ಲೇಲ್ಯಾಂಡ್, ನಿಸ್ಸಾನ್ ಜೊತೆ ಸೇರಿ ಒಂದೂಕಾಲು ಟನ್‌ನ ದೋಸ್ತ್ ಇಳಿಸಿತು. ಅದರ ಎಂಜಿನ್ 1.5 ಲೀಟರ್, ಮಹೀಂದ್ರ ಬೊಲೆರೊ ಪಿಕಪ್‌ನದು 2.5 ಲೀಟರ್. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಕಡೆ ಲೋಡು ಹತ್ತಿಸೋರು, ಹಿಂದೆ ಕಾಂಕ್ರೀಟ್ ಮಿಕ್ಸರ್ ಕಟ್ಟಿ ಎಳೆಯೋರು ಬೊಲೆರೊ ಬಿಡದಿರಲು ಇದೇ ಕಾರಣ. ಕಡೂರಿನ ಬಯಲಲ್ಲಿ ತೆಂಗಿನಕಾಯಿ ಸಾಗಿಸೋರಿಗೆ ಅಷ್ಟು ಶಕ್ತಿ ಬೇಕಿಲ್ಲ.

ನಿಜ ಹೇಳಬೇಕೆಂದರೆ, ಕಂಪನಿ ಮೇಲಿನ ಅಭಿಮಾನದಲ್ಲಿ ಅರ್ಧ ಮೆಕ್ಯಾನಿಕ್ ಮೇಲಿನ ನಂಬಿಕೆ. ಕ್ಲಚ್ ಪ್ಲೇಟ್ ಊರಲ್ಲೇ ಸಿಕ್ಕರೆ ಆ ದಿನದ ಬಾಡಿಗೆ ಉಳಿಯುತ್ತೆ. ಶಿವಮೊಗ್ಗದಿಂದ ತರಿಸಬೇಕಾದರೆ ಕಂತಿನ ದಿನ ಕೈ ಖಾಲಿ.

ಆದರೆ ‘ನನ್ ಗಾಡಿ ಎರಡೂವರೆ ಟನ್ ಹೊರುತ್ತೆ’ ಅನ್ನೋ ಜಂಬ ಮಾತ್ರ ದುಬಾರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂ., ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂ. ದಂಡವಿದೆ. ಹೆಚ್ಚಿನ ಸರಕು ಇಳಿಸುವ ಖರ್ಚೂ ಕಟ್ಟಬೇಕು. ಮಿಕ್ಸರ್ ಎಳೆಯುವವರು ಇನ್ನೂ ಹುಷಾರಾಗಿರಬೇಕು: ಘಾಟಿ ಇಳಿಯುವಾಗ ಅದು ಹಿಂದಿನಿಂದ ನೂಕುತ್ತೆ, ಆ ಭಾರವನ್ನೂ ಪಿಕಪ್‌ನ ಬ್ರೇಕೇ ತಡೀಬೇಕು. ಗಾಡಿ ಯಾವ ಕಂಪನಿದಾದರೂ ಇಳಿಜಾರಿಗೆ ಮುಂಚೆಯೇ ಗೇರ್ ಇಳಿಸಿಕೊಳ್ಳಬೇಕು.