ಸೊಪ್ಪು ಕೊಳೆಯಲು ನೀರಿನ ಹದ



ಪ್ರತಿ ವರ್ಷ ಆಳು ಹಿಡಿದು, ಕೂಲಿ ಕೊಟ್ಟು ತೋಟಕ್ಕೆ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ಹೊರಿಸುತ್ತೇವೆ. ಹೊರಿಸಿದ್ದೆಲ್ಲ ಗಿಡಕ್ಕೆ ಸಾರವಾಗಿ ಸಿಗುತ್ತದೆಯೇ? ಇದು ಬಹುಮಟ್ಟಿಗೆ ಮಣ್ಣಿನ ತೇವದ ಮೇಲೆ ನಿಂತಿದೆ.

ಸೊಪ್ಪನ್ನು ಕೊಳೆಸುವವು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸುಮಾರು ಶೇಕಡಾ 60ರಷ್ಟು ನೀರಿದ್ದು, ಉಳಿದ ಜಾಗದಲ್ಲಿ ಗಾಳಿಯಿದ್ದರೆ ಅವುಗಳ ಕೆಲಸ ಅತಿ ಚುರುಕು. ಮಾರ್ಚ್ ತಿಂಗಳಲ್ಲಿ ಕಾಫಿ ತೋಟದ ದರಗು ಗರಿಗರಿಯಾಗಿಯೇ ಉಳಿಯುವುದು ನೀರಿಲ್ಲದೆ. ಆಷಾಢದಲ್ಲಿ ಅಡಿಕೆ ತೋಟದ ತಗ್ಗಿನಲ್ಲಿ ಸೊಪ್ಪು ಕಪ್ಪಾಗಿ ನಾರುವುದು ಗಾಳಿಯಿಲ್ಲದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಇಂಥ ಜೌಗಿನಲ್ಲಿ ಕೊಳೆಯುವಿಕೆ ಕುಂಟುವುದಷ್ಟೇ ಅಲ್ಲ, ನೈಟ್ರೇಟ್ ರೂಪದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಗೊಬ್ಬರದ ದುಡ್ಡು ಅಕ್ಷರಶಃ ಗಾಳಿಪಾಲು!

ಮೊದಲ ಮಳೆಯದು ಬೇರೆಯೇ ಮಹಿಮೆ. ಒಣಗಿದ ಮಣ್ಣು ನೆನೆದೊಡನೆ ಕೊಳೆಯುವಿಕೆ ಒಮ್ಮೆಲೇ ಉಕ್ಕಿ, ಕೆಲವೇ ದಿನಗಳಲ್ಲಿ ಇಳಿಯುತ್ತದೆಂದು ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಎಚ್. ಎಫ್. ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ವಿವರಿಸಿದರು. ಆಗ ಸಾರಜನಕವೂ ಬಿಡುಗಡೆಯಾಗುತ್ತದೆ. ನಮ್ಮಲ್ಲಿ ಹೂಮಳೆ ಬಿದ್ದಾಗ ನಡೆಯುವುದೂ ಇದೇ. ಆ ಸಾರವನ್ನು ಹೀರುವ ಕಾಫಿಯ ಬೇರುಗಳು ಮೇಲ್ಮಣ್ಣಿನಲ್ಲೇ ಇರುವುದರಿಂದ, ಆ ಹೊತ್ತಿನಲ್ಲಿ ಬುಡ ಕೆದಕುವುದಾಗಲಿ, ದರಗು ಎಳೆದು ಹಾಕುವುದಾಗಲಿ ಬೇಡ.

ಇನ್ನು ಮಾಡಬೇಕಾದುದೇನು?

ಒಂದು, ಮುಂಗಾರಿಗೆ ಮೊದಲೇ ಬಸಿಗಾಲುವೆಗಳ ಹೂಳು ತೆಗೆಸಿ. ನೀರು ಬಸಿದ ಜಾಗಕ್ಕೆ ಗಾಳಿ ಬರುತ್ತದೆ.

ಎರಡು, ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೊ ಹಸಿರೆಲೆ, 12 ಕಿಲೊ ಕಾಂಪೋಸ್ಟ್ ಶಿಫಾರಸು. ಇದನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊಡಿ. ಆಗ ಮಳೆಯ ರಭಸ ತಗ್ಗಿರುತ್ತದೆ, ತೇವ ಇನ್ನೂ ಆರಿರುವುದಿಲ್ಲ.

ಮೂರು, ಗೊಬ್ಬರ ಗುಂಡಿಗೆ ಮಳೆಗಾಲದಲ್ಲಿ ಮಾಡು ಕಟ್ಟಿ, ಬೇಸಿಗೆಯಲ್ಲಿ ನೀರು ಚಿಮುಕಿಸಿ. ಹದ ತಿಳಿಯಲು ಯಂತ್ರ ಬೇಡ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ನೀರು ಧಾರೆಯಾಗಿ ಇಳಿದರೆ ಹೆಚ್ಚಾಯಿತು. ಮುಷ್ಟಿ ಬಿಚ್ಚಿದೊಡನೆ ಉದುರಿದರೆ ಸಾಲದು. ಉಂಡೆ ನಿಂತು, ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಅದೇ ಹದ.

ಸೊಪ್ಪು ಹೊರುವ ಕೂಲಿ ಹೇಗೂ ತಪ್ಪದು. ನೀರಿನ ಹದ ನೋಡಿಕೊಂಡರೆ ಆ ಕೂಲಿ ಮರದಲ್ಲಿ ಮರಳಿ ಕಾಣುತ್ತದೆ.