‘ಕೆಲವೆಡೆ ಮಳೆ’ ಅಂದರೆ ನಮ್ಮ ಹೊಲಕ್ಕೆಷ್ಟು?

ಕೋಲಾರ ಜಿಲ್ಲೆಯ ಬಂಗಾರಪೇಟೆಯಲ್ಲಿ ಚರಂಡಿ ತುಂಬಿ ಹರಿಯುವ ಹೊತ್ತಿಗೆ ಊರಿಗಾಂ ಕಡೆ ದೂಳೇಳುತ್ತಿರುವುದುಂಟು. ನಡುವೆ ಇರುವುದು ಹತ್ತು-ಹನ್ನೆರಡು ಕಿಲೋಮೀಟರ್. ಮುನ್ಸೂಚನೆ ಬರೀ ಸುಳ್ಳು ಎಂದು ಸುತ್ತಲಿನ ರೈತರು ಬೈಯುವುದಕ್ಕೆ ಅರ್ಧ ಕಾರಣ ಇದೇ. ಹವಾಮಾನ ಇಲಾಖೆಯ ಕಂಪ್ಯೂಟರು ಮೊನ್ನೆ ಮೊನ್ನೆಯವರೆಗೂ ದೇಶವನ್ನು 12 ಕಿ.ಮೀ. ಚೌಕಗಳಾಗಿ ಲೆಕ್ಕ ಹಾಕುತ್ತಿತ್ತು. 2025ರ ಮೇ ತಿಂಗಳಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ ಚೌಕ 6 ಕಿ.ಮೀ.ಗೆ ಇಳಿದಿದೆ. ಎಷ್ಟೇ ಇಳಿದರೂ ಅದು ನಮ್ಮ ಹೊಲದ ಬದುವಿನವರೆಗೆ ಬರುವುದಿಲ್ಲ.

ಇನ್ನರ್ಧ ಕಾರಣ, ನಾವು ಓದುವ ರೀತಿ. ‘ಒಂದೆರಡು ಕಡೆ ಮಳೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಹೆಚ್ಚೆಂದರೆ ಕಾಲುಭಾಗಕ್ಕೆ ಮಳೆ. ‘ಕೆಲವೆಡೆ’ ಎಂದರೆ ಅರ್ಧದವರೆಗೆ, ‘ಹಲವೆಡೆ’ ಎಂದರೆ ಮುಕ್ಕಾಲರವರೆಗೆ. ‘ಬಹುತೇಕ ಕಡೆ’ ಎಂದಾಗಷ್ಟೇ ನಮ್ಮ ಹೊಲಕ್ಕೂ ಬರುತ್ತದೆಂದು ಧೈರ್ಯ ಮಾಡಬಹುದು. ‘ಒಂದೆರಡು ಕಡೆ’ ನಂಬಿ ಬಿತ್ತನೆಗೆ ಆಳು ಕರೆದರೆ ತಪ್ಪು ಮೋಡದ್ದಲ್ಲ.

ಮಿಲಿಮೀಟರ್ ಲೆಕ್ಕ ನಮ್ಮ ಜಿಲ್ಲೆಯವರಿಗೆ ಟ್ಯಾಂಕರಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್ ನೀರು. 20 ಮಿ.ಮೀ. ಬಿದ್ದರೆ 80,000 ಲೀಟರ್, ಅಂದರೆ 5,000 ಲೀಟರಿನ ಹದಿನಾರು ಟ್ಯಾಂಕರ್. ಅಳೆಯಲು ಯಂತ್ರವೇನೂ ಬೇಡ. ಬಾಯಿ, ಬುಡ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಗೋಡೆಗಳಿಂದ ದೂರ ಬಯಲಲ್ಲಿ ನಿಲ್ಲಿಸಿ. ಬೆಳಿಗ್ಗೆ 8.30ಕ್ಕೆ ಒಳಗೆ ಸ್ಕೇಲ್ ಇಳಿಸಿ ನೋಡಿ, ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ಬರೆದು, ನೀರು ಚೆಲ್ಲಿ. ಸರ್ಕಾರಿ ಲೆಕ್ಕವೂ 8.30ರಿಂದ 8.30ಕ್ಕೇ ಇರುವುದರಿಂದ ಹೋಲಿಸಿ ನೋಡಲು ಸುಲಭ.

ಮುನ್ಸೂಚನೆಗೆ ಬೆಲೆ ಬರುವುದು ನಾಳೆಯ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿದಾಗ. ರಾಗಿಯನ್ನೇ ನೋಡಿ. ಕೋಲಾರದಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಜುಲೈ ಕೊನೆಯಲ್ಲಿ ಬಿತ್ತಿದ ಜಿಪಿಯು-28 ತಳಿ, ನಾಲ್ಕು ತಿಂಗಳಿಗೆ ತುಸು ಕಡಿಮೆ ಅವಧಿಯದು, ಕೊಯ್ಲಿಗೆ ಬರುವುದು ನವೆಂಬರಿನಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವ ಕಾಲವೂ ಅದೇ. 2021ರ ನವೆಂಬರಿನಲ್ಲಿ ಆದದ್ದು ಯಾರಿಗೂ ಮರೆತಿಲ್ಲ. ಮಳೆಗೆ ಸಿಕ್ಕಿ ಹೊಲದಲ್ಲಿದ್ದ ರಾಗಿ ತೆನೆಯಲ್ಲೇ ಮೊಳೆಯಿತು. ಅಂಥ ಕುಸಿತದ ಸುದ್ದಿ ಸಾಮಾನ್ಯವಾಗಿ ಮೂರು-ನಾಲ್ಕು ದಿನ ಮೊದಲೇ ಸಿಗುತ್ತದೆ. ಕೊಯ್ಯದೆ ಬಿಡುವುದೋ, ಕೊಯ್ದದ್ದನ್ನು ಕಟ್ಟು ಕಟ್ಟಿ ಮೆದೆ ಹಾಕಿ ಟಾರ್ಪಾಲು ಮುಚ್ಚುವುದೋ ಎಂದು ತೀರ್ಮಾನಿಸಲು ಅಷ್ಟು ದಿನ ಸಾಕು. ಕೊಯ್ದು ಅರಿ ಹಾಕಿ ಮನೆಗೆ ಬಂದು ಮಲಗುವುದು ಮಾತ್ರ ಬೇಡ.

ಟೊಮೆಟೊದಲ್ಲಿ ಮಳೆಗಿಂತ ಮೋಡ ನೋಡಬೇಕು. ತಂಪು, ಮುಸುಕು, ಎಲೆ ಆರದಂಥ ತೇವ ಎರಡು-ಮೂರು ದಿನ ಹಿಡಿದರೆ ಅಂಗಮಾರಿ ಹೊಕ್ಕಿತೆಂದೇ ಎಣಿಸಿ. ಸಂಜೆ ಮಳೆ ಎಂದಿದ್ದರೆ ಮಧ್ಯಾಹ್ನ ಔಷಧಿ ಹೊಡೆಯುವುದು ದುಡ್ಡನ್ನು ಕಾಲುವೆಗೆ ಸುರಿದಂತೆ.

ಮಾಹಿತಿ ಕೈಗೆಟುಕುವಲ್ಲೇ ಇದೆ. 2019ರಲ್ಲಿ ಬಂದ ‘ಮೇಘದೂತ್’ ಆ್ಯಪಿನಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ಬೆಳೆ ಸಲಹೆ ಕನ್ನಡದಲ್ಲಿ ಸಿಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಇದೆ: 92433 45433. ಹೋಬಳಿ, ಪಂಚಾಯಿತಿ ಹೆಸರು ಹೇಳಿ ಕೇಳಿ. ಜಿಲ್ಲೆಯ ಹೆಸರಷ್ಟೇ ಹೇಳಿದರೆ ಜಿಲ್ಲೆಯಷ್ಟೇ ಅಗಲದ ಉತ್ತರ ಬಂದೀತು.

ಈ ಕೇಂದ್ರ 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ್ದು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅದರ ಸ್ವಯಂಚಾಲಿತ ಮಳೆಮಾಪಕಗಳಿವೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಮ್ಮ ಹೊಲದ ನಷ್ಟ ನೋಡಿ ಬರುವುದಿಲ್ಲ, ಇಂಥ ಮಾಪಕಗಳ ಅಂಕಿ ನೋಡಿ ಬರುತ್ತದೆ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಅದರ ಮೇಲೆ ಹೊಂಗೆಯ ಕೊಂಬೆ ಬಾಗಿದೆಯೇ, ಬಾಯಿಗೆ ತರಗು ತುಂಬಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿ. ತುಂಬಿದ್ದರೆ ನೀವೇ ಕೈ ಹಾಕಬೇಡಿ, ಪಂಚಾಯಿತಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.