ಚಿಲ್ಲರೆ ಲೆಕ್ಕದಲ್ಲೊಂದು ಡಾಕ್ಟರೇಟ್ ಪ್ರಶ್ನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಲವು ಮನೆಗಳಲ್ಲಿ ಕಂಪ್ಯೂಟರ್ ಓದು ಎಂದರೆ ಬೆಂಗಳೂರಿನ ನೌಕರಿ ಎಂದೇ ಅರ್ಥ. ಅದೇ ವಿಷಯದಲ್ಲಿ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆಯುವ ದಾರಿಯೂ ಇದೆ. ಮಕ್ಕಳು ಅದಕ್ಕೆ ಸಿದ್ಧರಾಗಿದ್ದಾರೆಯೇ ಎಂದು ಅಳೆಯುವುದು ಹೇಗೆ?

ಅಳತೆಗೋಲುಗಳೇನೋ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಐಐಟಿಗಳು ಸೇರಿ ನಡೆಸುವ ಗೇಟ್ ಪರೀಕ್ಷೆಗೆ 3 ಗಂಟೆ, 100 ಅಂಕ. ಅದರಲ್ಲಿ ಗೆದ್ದರೂ ಮುಂದೆ ಸಂದರ್ಶನವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮದಂತೆ, ವಿಶ್ವವಿದ್ಯಾಲಯ ತಾನೇ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಭಾಗ ಸಂಶೋಧನಾ ವಿಧಾನ, ಇನ್ನರ್ಧ ವಿಷಯಜ್ಞಾನ. ಆಯ್ಕೆಯಲ್ಲಿ ಲಿಖಿತ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30. ಸೇರಿದ ಮೇಲೂ ಕನಿಷ್ಠ 12 ಕ್ರೆಡಿಟ್‌ಗಳ ಪಾಠ ಕಲಿತು ಶೇ 55 ಅಂಕ ಗಳಿಸಬೇಕು. ಒಟ್ಟು ಅವಧಿ ಕನಿಷ್ಠ 3 ವರ್ಷ, ಸಾಮಾನ್ಯ ಗಡುವು 6 ವರ್ಷ.

ಆದರೆ ಅಂಕಪಟ್ಟಿಯಲ್ಲಿ ಕಾಣದ ಗುಣವೊಂದಿದೆ. ಉದಾಹರಣೆಗೆ, ಕೊಟ್ಟೂರಿನಿಂದ ಕೂಡ್ಲಿಗಿಗೆ ಹೊರಟ ಬಸ್ಸಿನ ಕಂಡಕ್ಟರ್ ಆದಷ್ಟು ಕಡಿಮೆ ನಾಣ್ಯಗಳಲ್ಲಿ 6 ರೂಪಾಯಿ ಚಿಲ್ಲರೆ ಕೊಡಬೇಕು ಎನ್ನೋಣ. ದೊಡ್ಡ ನಾಣ್ಯ ಮೊದಲು ಎಂಬ ಪದ್ಧತಿಯಂತೆ 5 ಮತ್ತು 1, ಎರಡೇ ನಾಣ್ಯ. ನಮ್ಮ 1, 2, 5 ರೂಪಾಯಿ ನಾಣ್ಯಗಳಿಗೆ ಈ ಪದ್ಧತಿ ಎಂದೂ ಕೆಡದು. ಒಂದು ವೇಳೆ ದೇಶದಲ್ಲಿ 1, 3, 4 ರೂಪಾಯಿಯ ನಾಣ್ಯಗಳಷ್ಟೇ ಇದ್ದಿದ್ದರೆ? ಅದೇ ಪದ್ಧತಿಗೆ 4, 1, 1 ಎಂದು ಮೂರು ನಾಣ್ಯ ಬೇಕು. 3, 3 ಕೊಟ್ಟರೆ ಎರಡೇ ಸಾಕು!

ಈ ಪದ್ಧತಿಯನ್ನು ಪ್ರೋಗ್ರಾಂ ಆಗಿ ಬರೆಯಬಲ್ಲವರಿಗೆ ನೌಕರಿಯ ದಾರಿ ತೆರೆದಿದೆ. ಅದು ಎಲ್ಲಿ ಕೆಡುತ್ತದೆಂದು ಹುಡುಕುವವರು, ಯಾವ ನಾಣ್ಯಗಳಿಗೆ ಕೆಡುವುದಿಲ್ಲವೆಂದು ಸಾಧಿಸಿ ತೋರಿಸಲು ಹಟ ಹಿಡಿಯುವವರು ಸಂಶೋಧನೆಗೆ ಸಿದ್ಧರು. ‘ಗೊತ್ತಿಲ್ಲ, ಯತ್ನಿಸುತ್ತೇನೆ’ ಎಂಬ ಮಾತು ಇಲ್ಲಿ ಬಾಯಿಪಾಠದ ಉತ್ತರಕ್ಕಿಂತ ಮೇಲು.

ಅಷ್ಟು ವರ್ಷ ಹೊಟ್ಟೆಪಾಡು ಹೇಗೆ ಎಂಬ ಪಾಲಕರ ಆತಂಕ ಸಹಜ. ಕೇಂದ್ರದ ಕಿರಿಯ ಸಂಶೋಧನಾ ಶಿಷ್ಯವೇತನ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು. ಆದರೆ ಅದು ಎಲ್ಲರಿಗೂ ಸಿಗದು. ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು.

ತಯಾರಿಗೆ ಬೆಂಗಳೂರೇ ಬೇಕೆಂದಿಲ್ಲ. ಪಿಯುಸಿ ಗಣಿತದ ಸಾಧನೆಗಳನ್ನು ಉರುಹೊಡೆಯದೆ ತಾವೇ ಮಾಡಬೇಕು. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ತಮ್ಮದೇ ಮಾತಿನಲ್ಲಿ ವಿವರಿಸಬೇಕು. ಮಕ್ಕಳು ಲೆಕ್ಕ ಬಿಡಿಸಿದಾಗ ಪಾಲಕರು ‘ಎಷ್ಟು ಅಂಕ?’ ಎನ್ನುವ ಬದಲು ‘ಈ ಲೆಕ್ಕ ಎಲ್ಲಿ ಕೆಡಬಹುದು?’ ಎಂದು ಕೇಳಲಿ. ವಾರ ಕಳೆದರೂ ಆ ಪ್ರಶ್ನೆಯನ್ನೇ ಕೆದಕುತ್ತಿರುವ ಮಗುವಿದ್ದರೆ, ಆ ಮನೆಯವರು ನೌಕರಿಯ ಜೊತೆಗೆ ಈ ದಾರಿಯನ್ನೂ ಒಮ್ಮೆ ಯೋಚಿಸುವುದು ಒಳಿತು.